ನೀರಿನ ಅಭಾವ ಮತ್ತು ನಮ್ಮ ಸಂಘದ ಹೊಣೆ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿವಸ ಸಂಘ ಬೆಳೆದು ಬಂದ ದಾರಿ ಕುರಿತು ನಾಲ್ಕು ಒಳ್ಳೆಯ ಮಾತು ಹೇಳಿ ಕುಳಿತುಕೊಳ್ಳುವುದು ರೂಢಿ. ಷೇರು ಬಂಡವಾಳ, ಠೇವಣಿ, ಗೊಬ್ಬರದ ವಹಿವಾಟು, ಹೊಸ ಗೋದಾಮು ಇವುಗಳ ವಿವರವನ್ನು ಕಾರ್ಯದರ್ಶಿಯವರು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ಆ ವರದಿಯಲ್ಲಿ ಇಲ್ಲದ ಒಂದು ಬಾಬತ್ತಿದೆ, ಅದು ನೀರು. ಅದರ ಬಗ್ಗೆ ಮಾತ್ರ ಮಾತಾಡುತ್ತೇವೆ.

ನಮ್ಮ ಸಂಘ ನೋಂದಣಿಯಾದದ್ದು 2000ದಲ್ಲಿ. ಅದರ ಬೆನ್ನಿಗೇ ರಾಜ್ಯದಲ್ಲಿ 2001ರಿಂದ 2004ರ ತನಕ ಸತತ ಮೂರು ವರ್ಷ ಬರ ಬಂತು. ಅಂದರೆ ಸಂಘ ಕೊಟ್ಟ ಮೊದಲ ಸಾಲಗಳೇ ಬರಗಾಲದ ಸಾಲಗಳು. ತೆರೆದ ಬಾವಿಗಳಲ್ಲಿ ಅಷ್ಟೋ ಇಷ್ಟೋ ಉಳಿದಿದ್ದ ನೀರೂ ಆ ಮೂರು ವರ್ಷದಲ್ಲಿ ಮುಗಿದುಹೋಯಿತು. ಎಲ್ಲರ ಬಾಯಲ್ಲೂ ಒಂದೇ ಮಾತು, ಬೋರು. ಅರ್ಜಿ ಮೇಲೆ ಅರ್ಜಿ ಬಂದವು. ಸಾಲ ಉಪಸಮಿತಿಯಲ್ಲಿ ಕೂತು ಮಂಜೂರು ಮಾಡಿದವರಲ್ಲಿ ನಾವೂ ಇದ್ದೆವು. ಆಗ ಅದು ತಪ್ಪು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ರೈತನಿಗೆ ನೀರು ಕೊಡಿಸುವುದಕ್ಕಿಂತ ದೊಡ್ಡ ಕೆಲಸ ಸಹಕಾರ ಸಂಘಕ್ಕೆ ಇನ್ನೇನಿದೆ ಅಂದುಕೊಂಡೆವು.

ಒಬ್ಬ ಸದಸ್ಯರ ಕತೆ ಹೇಳುತ್ತೇವೆ, ಹೆಸರು ಬೇಡ. ಅವರು ಈ ಸಭೆಯಲ್ಲೇ ಕೂತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಎರಡೂವರೆ ಎಕರೆ ಜಮೀನು. ಮೊದಲನೇ ಬೋರಿನಲ್ಲಿ ನೀರು ಬಂತು, ನಾಲ್ಕು ವರ್ಷ ಟೊಮೆಟೊ, ಬೀನ್ಸು ಬೆಳೆದರು, ಮನೆಗೆ ತಾರಸಿ ಹಾಕಿಸಿದರು. ಆಮೇಲೆ ಪಕ್ಕದ ಹೊಲದವರು ಇನ್ನೂ ಆಳಕ್ಕೆ ಹಾಕಿಸಿದರು. ಇವರದು ನಿಂತಿತು. ಎರಡನೆಯದಕ್ಕೆ ನಾವೇ ಸಾಲ ಕೊಟ್ಟೆವು. ಅದು ಒಂದು ಬೇಸಿಗೆ ಬಂದು ಬತ್ತಿತು. ಮೂರನೆಯದಕ್ಕೆ ಒಡವೆ ಅಡ ಇಟ್ಟರು, ಪಾಯಿಂಟ್ ನೋಡೋರು ಬಂದು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಜಾಗ ತೋರಿಸಿದರು, ರಿಗ್ ಲಾರಿ ರಾತ್ರಿಯೆಲ್ಲ ಗುಡುಗಿತು. ಬೆಳಗಾಗುವ ಹೊತ್ತಿಗೆ ಸಾವಿರದ ಇನ್ನೂರು ಅಡಿಯಿಂದ ಬರೀ ಬಿಳಿ ದೂಳು ಬಂತು. ಎರಡು ಸೀಮೆಹಸು ಮಾರಿ ರಿಗ್ಗಿನವರ ಬಾಕಿ ತೀರಿಸಿದರು. ನಮ್ಮ ಸಾಲ ಹಾಗೇ ಉಳಿಯಿತು, ಸುಸ್ತಿಯಾಯಿತು. ಅವರಿಗೆ ಹೋದ ನೋಟಿಸಿನ ಕೆಳಗೆ ಇದ್ದದ್ದು ನಮ್ಮ ಸಹಿ. ಅಂಚೆಯವರು ಅದನ್ನು ಕೊಟ್ಟ ದಿವಸ ಸಾಯಂಕಾಲ ಅವರು ಡೇರಿ ಹತ್ತಿರ ಸಿಕ್ಕರು. ಸಿಟ್ಟು ಮಾಡಲಿಲ್ಲ. "ನೀರು ನೀವು ಕೊಡಲಿಲ್ಲ, ಅದಕ್ಕೆ ನಾನು ಬೈಯೋಕಾಗಲ್ಲ. ಆದ್ರೆ ನಂಗೂ ಪಕ್ಕದೋರಿಗೂ ಒಟ್ಟಿಗೆ ಸಾಲ ಕೊಟ್ರಲ್ಲ, ಇಬ್ರೂ ಒಂದೇ ನೀರು ಕುಡೀತಿದೀವಿ ಅಂತ ನಿಮಗೆ ಗೊತ್ತಿರಲಿಲ್ವಾ?" ಅಂದರು.

ಗೊತ್ತಿರಲಿಲ್ಲ ಅಂತ ಹೇಗೆ ಹೇಳುವುದು? ಒಂದೇ ಹಸುವನ್ನು ಇಬ್ಬರಿಗೆ ಅಡಮಾನ ಬರೆದುಕೊಟ್ಟರೆ ನಾವು ಒಪ್ಪುವುದಿಲ್ಲ. ಭೂಮಿಯೊಳಗಿನ ಒಂದೇ ನೀರಿನ ಮೇಲೆ ಊರಿಗೆಲ್ಲ ಸಾಲ ಕೊಟ್ಟಿದ್ದೇವೆ.

ಲೆಕ್ಕ ಹಾಕಿ ನೋಡೋಣ, ನಾವು ಸಂಘದವರು, ಲೆಕ್ಕದ ಜನ. ಒಂದು ಚದರ ಮೀಟರು ಜಾಗದಲ್ಲಿ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದು ಎಕರೆ ಅಂದರೆ 4,047 ಚದರ ಮೀಟರು. ನಮ್ಮ ಕೋಲಾರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ ಅಂತ ಇಟ್ಟುಕೊಂಡರೆ, ಎಕರೆ ಒಂದಕ್ಕೆ 28 ಲಕ್ಷ ಲೀಟರು. ಐದು ಸಾವಿರ ಲೀಟರಿನ ಟ್ಯಾಂಕರಾದರೆ 560 ಟ್ಯಾಂಕರು! ಇಷ್ಟು ನೀರು ನಮ್ಮ ನೆತ್ತಿ ಮೇಲೆ ಬಿದ್ದು ಹೋಗುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಆದರೆ ನಮ್ಮದು ಕರಿಕಲ್ಲಿನ ನೆಲ. ಬಿದ್ದ ಮಳೆಯಲ್ಲಿ ಬಹುಪಾಲು ಬಿಸಿಲಿಗೆ, ಗಿಡಕ್ಕೆ, ಹಳ್ಳಕ್ಕೆ ಹೋಗಿ, ಆಳಕ್ಕೆ ಇಳಿಯುವುದು ನೂರಕ್ಕೆ ಹತ್ತು ಭಾಗದ ಆಸುಪಾಸು. ಅಂದರೆ ಎಕರೆಗೆ 2.8 ಲಕ್ಷ ಲೀಟರು. ಇದು ಜಮಾ. ಇನ್ನು ಖರ್ಚು ನೋಡಿ. ಒಂದು ಟೊಮೆಟೊ ಬೆಳೆಗೆ 400ರಿಂದ 600 ಮಿಲಿಮೀಟರು ನೀರು ಬೇಕು, ಎಕರೆಗೆ 16ರಿಂದ 24 ಲಕ್ಷ ಲೀಟರು. ಮಳೆ ಇಲ್ಲದ ಬೇಸಿಗೆಯಲ್ಲಿ ಇದೆಲ್ಲ ಬೋರಿನಿಂದಲೇ ಬರಬೇಕು. ಅಂದರೆ ಬೇಸಿಗೆಯ ಒಂದು ಎಕರೆ ಟೊಮೆಟೊ, ಸುಮಾರು ಆರರಿಂದ ಎಂಟೂವರೆ ಎಕರೆಯ ವರ್ಷದ ಜಮಾ ಕುಡಿದು ಮುಗಿಸುತ್ತದೆ. ಬಾಕಿ ಎಕರೆಗಳು ಯಾರವು? ಪಕ್ಕದವರವು, ಗೋಮಾಳ, ಕೆರೆ ಅಂಗಳ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳನ್ನು "ಅತಿಬಳಕೆ" ಅಂತ ಬರೆದಿರುವುದಕ್ಕೆ ಅರ್ಥ ಇಷ್ಟೇ, ಜಮಾಕ್ಕಿಂತ ಖರ್ಚು ಹೆಚ್ಚು. ಅಂಥ ಖಾತೆಗೆ ನಾವು ಸಂಘದಲ್ಲಾದರೆ ಬೀಗ ಹಾಕುತ್ತಿದ್ದೆವು.

ಇದರ ಜೊತೆಗೆ ಮಳೆಯ ನಡತೆಯೂ ಬದಲಾಗಿದೆ. ಆರಿದ್ರಾ, ಪುನರ್ವಸು ಅಂತ ನಕ್ಷತ್ರ ಎಣಿಸಿ ಉಳುತ್ತಿದ್ದ ಹಿರಿಯರು ಈಗ ಆಕಾಶ ನೋಡಿ ಸುಮ್ಮನಾಗುತ್ತಾರೆ. 2021ರ ನವೆಂಬರ್ ನೆನಪು ಮಾಡಿಕೊಳ್ಳಿ. ರಾಗಿ ಕೊಯ್ಲಿನ ಹೊತ್ತಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಕೆರೆಗಳು ಕೋಡಿ ಬಿದ್ದವು, ಹೆಂಗಸರು ಬಾಗಿನ ಕೊಟ್ಟರು, ಅತ್ತ ಹೊಲದಲ್ಲಿ ತೆನೆಯಲ್ಲೇ ರಾಗಿ ಮೊಳಕೆ ಬಂತು. ಎರಡೇ ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊರುತ್ತದೆ, ಅದಕ್ಕೆ ಸುರಿದರೆ ಒಂದೇ ಸಲ ಸುರಿಯುವುದು ಹೆಚ್ಚಾಗಿದೆ ಎಂದು ಹವಾಮಾನದವರು ಹೇಳುತ್ತಾರೆ. ಒಂದೇ ಸಲ ಸುರಿದ ನೀರನ್ನು ಹಿಡಿಯುವುದಕ್ಕೆ ಕೆರೆ ಬೇಕು. ಬೋರು ನೀರು ತೆಗೆಯುತ್ತದೆ, ಹಿಡಿಯುವುದಿಲ್ಲ.

ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆಯಲ್ಲಿ ನಮ್ಮ ಹಿರಿಯರು ಕಟ್ಟಿದ್ದು ಇವನ್ನೇ. ಒಂದರ ಕೋಡಿ ನೀರು ಇನ್ನೊಂದಕ್ಕೆ. ಕೆರೆ ಕಟ್ಟಿದ್ದರ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಕೆರೆ ನೀರು ಹಂಚಿದ್ದರ ಬಗ್ಗೆ ಮಾತಾಡುವವರು ಕಡಿಮೆ. ವಯಸ್ಸಾದವರಿಗೆ ದಾಮಾಶ ಅನ್ನುವ ಮಾತು ನೆನಪಿರಬಹುದು. ಕೆರೆ ಪೂರ್ತಿ ತುಂಬದ ವರ್ಷ ಅಚ್ಚುಕಟ್ಟಿನವರೆಲ್ಲ ಏರಿ ಮೇಲೆ ಸೇರುತ್ತಿದ್ದರು. ಇರುವ ನೀರು ಎಷ್ಟು ಗದ್ದೆಗೆ ಸಾಲುತ್ತದೆ ಅಂತ ನೋಡಿ, ತೂಬಿನ ಹತ್ತಿರದ ಅಷ್ಟು ಗದ್ದೆ ಮಾತ್ರ ನಾಟಿ. ಆದರೆ ಆ ಗದ್ದೆಯ ಒಡೆಯನೊಬ್ಬನೇ ಬೆಳೆದುಕೊಳ್ಳುವ ಹಾಗಿಲ್ಲ. ಕೊನೇ ಗದ್ದೆಯವನಿಗೂ ಅವನ ಹಿಡುವಳಿಗೆ ತಕ್ಕಂತೆ ಆ ವರ್ಷದ ಮಟ್ಟಿಗೆ ಅಲ್ಲೇ ಒಂದು ತುಂಡು ಬಿಟ್ಟುಕೊಡಬೇಕು. ತೂಬು ಎತ್ತುವ ಕೆಲಸ ನೀರಗಂಟಿಯದು, ಅವನ ಹೊರತು ಗೌಡನೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಕೊಯ್ಲಾದ ಮೇಲೆ ಅವನಿಗೆ ಕಣದಲ್ಲೇ ಧಾನ್ಯ.

ಹಳೆಯದೆಲ್ಲ ಚಿನ್ನ ಅಂತ ನಾವು ಹೇಳುತ್ತಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಎಷ್ಟೋ ನೀರಗಂಟಿಗಳಿಗೆ ಊರ ಬಾವಿಯ ನೀರು ಮುಟ್ಟುವ ಹಾಗಿರಲಿಲ್ಲ, ಅದನ್ನು ಮರೆಯಬಾರದು. ದಾಮಾಶದಲ್ಲೂ ಪಾಲು ಸಿಗುತ್ತಿದ್ದದ್ದು ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವನಿಗೆ. ಗದ್ದೆಯೇ ಇಲ್ಲದವನಿಗೆ ಸೊನ್ನೆ. ಆದರೂ ಕೊರತೆಯನ್ನು ಒಬ್ಬನ ತಲೆಗೆ ಕಟ್ಟದೆ ಎಲ್ಲರೂ ಹೊರುವ ಒಂದು ಏರ್ಪಾಟು ಇತ್ತು. ಬೋರು ಬಂದ ಮೇಲೆ ತೂಬಿನ ಗೊಡವೆ ಯಾರಿಗೂ ಬೇಡವಾಯಿತು. ರಾಜಕಾಲುವೆ ಮುಚ್ಚಿದರು, ಅಂಗಳದಲ್ಲಿ ಹೂಳು, ಜಾಲಿ. ಏರುದಿಣ್ಣೆಗಳಲ್ಲಿ ನೀಲಗಿರಿ ನೆಟ್ಟದ್ದೂ ಸೇರಿತು. ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಸರ್ಕಾರ ಆದೇಶ ಮಾಡುವ ಹೊತ್ತಿಗೆ 2017 ಬಂದಿತ್ತು.

ಸೊನ್ನೆ ಪಾಲಿನವರ ವಿಷಯಕ್ಕೆ ಬರುತ್ತೇವೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ನಾಯಗಾಂವ್ ಅಂತ ಒಂದು ಹಳ್ಳಿ. 1972ರ ಭೀಕರ ಬರ ನೋಡಿದ ವಿಲಾಸರಾವ್ ಸಾಳುಂಕೆ ಎಂಬ ಇಂಜಿನಿಯರು ಅಲ್ಲಿ ದೇವಸ್ಥಾನದ 40 ಎಕರೆ ಬರಡು ಜಮೀನು ಗುತ್ತಿಗೆ ಹಿಡಿದು ಬದು, ಇಂಗುಕೆರೆ ಮಾಡಿ ತೋರಿಸಿದರು. ಅದರಿಂದ ಬೆಳೆದದ್ದು ಪಾನಿ ಪಂಚಾಯತ್. ಅದರ ಕಟ್ಟಳೆ ಕೇಳಿ: ನೀರಿನ ಪಾಲು ಜಮೀನಿನ ಅಳತೆಗಲ್ಲ, ಮನೆಯ ತಲೆ ಲೆಕ್ಕಕ್ಕೆ. ತಲೆಗೆ ಅರ್ಧ ಎಕರೆಗಾಗುವ ನೀರು, ಒಂದು ಮನೆಗೆ ಎರಡೂವರೆ ಎಕರೆಗಿಂತ ಹೆಚ್ಚಿಲ್ಲ. ಭೂಮಿ ಇಲ್ಲದವರಿಗೂ ಪಾಲು. ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತು ಫಲಾನುಭವಿಗಳದೇ. ಕಬ್ಬು ಹಾಕುವಂತಿಲ್ಲ. ನಮ್ಮ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು ಅಲ್ಲವೆ? ಹಾಗೆಯೇ ಇದು.

ಅದೇ ರಾಜ್ಯದ ಹಿವರೆ ಬಜಾರ್ ಬಗ್ಗೆ ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಅಲ್ಲಿ ಬೀಳುವ ಮಳೆ ಸರಾಸರಿ 400 ಮಿಲಿಮೀಟರಿನ ಸುತ್ತಮುತ್ತ, ನಮಗಿಂತ ಎಷ್ಟೋ ಕಡಿಮೆ. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಊರವರು ಗುಡ್ಡದಲ್ಲಿ ಬದು ಹಾಕಿದರು, ಇಂಗುಗುಂಡಿ ತೋಡಿದರು. ಅದನ್ನು ನಮ್ಮಲ್ಲೂ ಮಾಡಿದ್ದೇವೆ, ಫೋಟೋ ಕೂಡ ತೆಗೆಸಿಕೊಂಡಿದ್ದೇವೆ. ನಾವು ಮಾಡದೆ ಇರುವುದು ಬೇರೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದಿಲ್ಲ ಅಂತ ಅವರು ಊರಿಗೆ ಊರೇ ಒಪ್ಪಿಕೊಂಡರು. ಪ್ರತಿ ವರ್ಷ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಆಯವ್ಯಯ ಮಂಡಿಸುತ್ತಾರೆ. ಮೊದಲು ಜನಕ್ಕೆ, ದನಕ್ಕೆ. ಉಳಿದದ್ದರಲ್ಲಿ ಬೆಳೆ. ಮಳೆ ಕಡಿಮೆಯಾದ ವರ್ಷ ನೀರು ಹೆಚ್ಚು ಕುಡಿಯುವ ಬೆಳೆ ಕಡಿತ.

ನಮ್ಮಲ್ಲಿ ಈಗ ಇನ್ನೊಂದು ಮಾತು ಎದ್ದಿದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ, ಇನ್ನೇನು ಚಿಂತೆ ಅಂತ. ಕೆರೆ ತುಂಬಿದ ಕಡೆ ಸತ್ತ ಬೋರುಗಳಿಗೆ ಜೀವ ಬಂದದ್ದು ನಿಜ, ಮೂರನೇ ಹಂತದ ಶುದ್ಧಿಯೂ ಆಗಲಿ ಅಂತ ಜನ ಕೇಳುತ್ತಿರುವುದೂ ನಿಜ. ಆದರೆ ಬೋರು ಮತ್ತೆ ಬಂತು ಅಂದ ತಕ್ಷಣ ಹೊಸ ಬೋರಿಗೆ ಅರ್ಜಿ ಬರೆಯುವುದಾದರೆ, ಎಲ್ಲಿಂದ ನೀರು ತಂದರೂ 2004ಕ್ಕೇ ವಾಪಸ್ ಹೋಗುತ್ತೇವೆ.

ಆದ್ದರಿಂದ ಆಡಳಿತ ಮಂಡಳಿ ಇವತ್ತು ಒಂದು ಠರಾವು ತಂದಿದೆ. ಮುಂದೆ ಒಬ್ಬರ ಹೆಸರಿನಲ್ಲಿ ಹೊಸ ಬೋರಿಗೆ ಸಂಘದಿಂದ ಸಾಲ ಇಲ್ಲ. ಅಕ್ಕಪಕ್ಕದ ಹೊಲದವರು ಕೂಡಿ ಒಂದೇ ಬೋರಿನ ನೀರು ಹಂಚಿಕೊಳ್ಳುತ್ತೇವೆ ಅಂತ ಬರೆದುಕೊಟ್ಟು, 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿ ತಂದರೆ ಪರಿಶೀಲಿಸುವುದು. ಹನಿ ನೀರಾವರಿಗೆ, ಕೃಷಿಹೊಂಡಕ್ಕೆ, ಕೆರೆ ಗೋಡು ಹೊಲಕ್ಕೆ ಹೊಡೆಯುವ ಗಾಡಿ ಬಾಡಿಗೆಗೆ ಸಾಲ ಮೊದಲು. ಸಂಘದ ಕಟ್ಟಡದ ಮೇಲೆ ಮಳೆಮಾಪಕ ಇಡುವುದು, ಊರಿನ ಐದಾರು ಬೋರಿನ ನೀರಿನ ಮಟ್ಟ ಅಳೆದು ನೋಟಿಸು ಹಲಗೆಗೆ ಹಚ್ಚುವುದು. ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲಿ ಒಂದು ಸಭೆ ಸೇರಿ, ಬೇಸಿಗೆ ಬೆಳೆ ಎಷ್ಟು ಎಕರೆ ಅಂತ ಮಾತಾಡಿಕೊಳ್ಳುವುದು. ಜಮೀನಿಲ್ಲದೆ ಒಂದು ಹಸು ಕಟ್ಟಿಕೊಂಡಿರುವ ಸದಸ್ಯರಿಗೂ ಆ ಸಭೆಯಲ್ಲಿ ಓಟು, ಕೆರೆ ಅಂಗಳದ ಮೇವಿನಲ್ಲಿ ಪಾಲು.

ಇದಕ್ಕೆ ವಿರೋಧ ಇದೆ, ಮಂಡಳಿಯಲ್ಲೇ ಇದೆ. ಒಬ್ಬ ನಿರ್ದೇಶಕರು, "ಇಪ್ಪತ್ತೈದು ವರ್ಷ ಬೋರಿಗೆ ಸಾಲ ತಗೊಂಡೋರು ತಾರಸಿ ಮನೆ ಕಟ್ಟಿದ್ರು, ಈಗ ಹೊಸ ಹುಡುಗ್ರಿಗೆ ಬಾಗಿಲು ಹಾಕ್ತೀರಾ?" ಅಂತ ಕೇಳಿದರು. ಇನ್ನೊಬ್ಬರು, "ಸಂಘ ಕೊಡದಿದ್ರೆ ಮೀಟರ್ ಬಡ್ಡಿಯೋರ ಹತ್ರ ಹೋಗ್ತಾರೆ, ಬೋರು ನಿಲ್ಲಲ್ಲ, ರೈತ ಮಾತ್ರ ಮುಳುಗ್ತಾನೆ" ಅಂದರು. ಎರಡೂ ಸುಳ್ಳಲ್ಲ. ಎರಡನೆಯ ಮಾತಿಗೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಹೇಳಬಲ್ಲೆವು: ಬತ್ತಿದ ಬೋರಿನ ಸಾಲ ಉಳಿಸಿಕೊಂಡಿರುವ ಸದಸ್ಯರ ಅಸಲನ್ನು ಹೆಚ್ಚು ಕಂತು ಮಾಡಿ ಕೊಡಲು, ದಂಡಬಡ್ಡಿ ಬಿಡಲು ಜಿಲ್ಲಾ ಬ್ಯಾಂಕಿನವರ ಹತ್ತಿರ ಕೇಳೋಣ ಅಂತ ಇದೇ ಠರಾವಿನಲ್ಲಿ ಸೇರಿಸಿದ್ದೇವೆ. ಡೇರಿ ಹತ್ತಿರ ನಮ್ಮನ್ನು ಕೇಳಿದವರ ಹೆಸರೂ ಆ ಪಟ್ಟಿಯಲ್ಲಿ ಇದೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದಾಗ, ಅದೂ ಮಳೆ ನಂಬಿದ ಒಣ ಬೇಸಾಯದ ಸೀಮೆಯೇ. ಅವರ ಕಾಲಕ್ಕೆ ಬೋರು ಇರಲಿಲ್ಲ, ಸಾಹುಕಾರರ ಬಡ್ಡಿ ಇತ್ತು. ನಮಗೆ ಎರಡೂ ಇವೆ.

ಠರಾವಿನ ಪ್ರತಿಯನ್ನು ಕಾರ್ಯದರ್ಶಿಯವರು ಈಗ ಹಂಚುತ್ತಾರೆ. ಓದಲು ಬಾರದ ಹಿರಿಯರಿಗೆ ಪಕ್ಕದಲ್ಲಿ ಕೂತಿರುವ ಹುಡುಗರು ಓದಿ ಹೇಳಬೇಕು. ಊಟ ಆದ ಮೇಲೆ ಚರ್ಚೆ, ಆಮೇಲೆ ಕೈ ಎತ್ತಿಸುತ್ತೇವೆ. ಬೇಡ ಅನ್ನುವವರು ಎದ್ದು ನಿಂತು ಮಾತಾಡಿ, ನಡಾವಳಿ ಪುಸ್ತಕದಲ್ಲಿ ಅದನ್ನೂ ಬರೆದುಕೊಳ್ಳುತ್ತೇವೆ.