ಸೈಟಿನ ಕಾಗದವೂ ವಕೀಲರ ಕರ್ತವ್ಯವೂ

(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. 1941ರಲ್ಲಿ ಆರಂಭವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಕೆಲಸ ಹೋದ ಮೇಲೆ ಕಾರ್ಮಿಕನಿಗೆ ಉಳಿಯುವುದೇನು? ಬೆವರಿನ ದುಡ್ಡಿನಲ್ಲಿ ಕೊಂಡ ಒಂದು ಸೈಟು. ಅದರ ಕಾಗದ ಸರಿಯಿಲ್ಲದಿದ್ದರೆ ಅದೂ ಕೈಬಿಟ್ಟಂತೆಯೇ.

ಜಮೀನಿನ ಕಾನೂನು ಬಲ್ಲ ವಕೀಲರು ಸಮಾಜಕ್ಕೆ ದೊಡ್ಡ ಉಪಕಾರ ಮಾಡಬಲ್ಲರು. 1951ರಲ್ಲಿ ಕಾಗೋಡಿನ ಗೇಣಿದಾರರು ಹೋರಾಟಕ್ಕಿಳಿದು ಭೂಮಿಯ ಪ್ರಶ್ನೆಯನ್ನು ನಾಡಿನ ಮುಂದಿಟ್ಟರು. ತೀರ್ಥಹಳ್ಳಿಯ ವಕೀಲ ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಯಾಗಿ ಭೂಸುಧಾರಣೆಯ ಕಾಯಿದೆಗಾಗಿ ದುಡಿದರು. ಆ ಕಾಯಿದೆ 1961ರಲ್ಲಿ ಬಂದಿತು. ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಬಡವನಿಗೆ ಅದನ್ನು ಓದಿ ಹೇಳುವವರು ಬೇಕು.

ನಮ್ಮಲ್ಲಿ ಅನೇಕರು ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಸೈಟು ನಮ್ಮದಾಯಿತೆಂದು ನಂಬುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆ ಹಾಗೆನ್ನುವುದಿಲ್ಲ. ನೂರು ರೂಪಾಯಿ ಅಥವಾ ಅದಕ್ಕೂ ಮೇಲಿನ ಬೆಲೆಯ ಜಾಗಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು. ಬರೀ ಜನರಲ್ ಪವರ್ ಆಫ್ ಅಟಾರ್ನಿಯಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಂದಾಯ ಕಟ್ಟಿದ ರಸೀದಿಯೂ ಒಡೆತನದ ಪತ್ರವಲ್ಲ. ಮುಂಗಡ ಕೊಡುವ ಮೊದಲು ಮೂಲಪತ್ರ, ಋಣಭಾರ ಪತ್ರ, ಖಾತೆ ಇವನ್ನು ಬಲ್ಲ ವಕೀಲರಿಂದ ನೋಡಿಸಬೇಕು. ಅರ್ಧ ಗಂಟೆಯ ಈ ಕೆಲಸ ವರ್ಷಗಟ್ಟಲೆಯ ವ್ಯಾಜ್ಯವನ್ನು ತಪ್ಪಿಸುತ್ತದೆ.

ಫೀಜಿಗೆ ಹಣವೆಲ್ಲಿ ಎನ್ನುವಿರಾ? ಬಡವರಿಗೆ, ಪೀಡಿತರಿಗೆ ಉಚಿತವಾಗಿ ನೆರವಾಗುವುದು ವಕೀಲನು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲೊಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಸಾರುತ್ತದೆ. ಅದಲ್ಲದೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮು ಕೈಗಾರಿಕಾ ಕಾರ್ಮಿಕನನ್ನು ಹೆಸರಿಸಿಯೇ ಉಚಿತ ವಕೀಲರ ಹಕ್ಕು ಕೊಟ್ಟಿದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವೆಷ್ಟೆಂದು ಕೇಳದೆ ಈ ಹಕ್ಕುಂಟು. ಸಣ್ಣ ವರ್ತಕನಿಗೆ ಆದಾಯದ ಮಿತಿಯೊಳಗೆ ಉಂಟು. ದಾವಣಗೆರೆಯಲ್ಲಿ ಜಿಲ್ಲಾ ಪ್ರಾಧಿಕಾರ, ಹರಿಹರದಲ್ಲಿ ತಾಲ್ಲೂಕು ಸಮಿತಿ ಇವೆ. ನ್ಯಾಯಾಲಯದಲ್ಲಿರುವ ದಾವೆ ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀಜೂ ಹಿಂದಕ್ಕೆ ಬರುತ್ತದೆ. ಆದರೆ ಆ ತೀರ್ಮಾನದ ಮೇಲೆ ಅಪೀಲಿಲ್ಲ. ತಿಳಿದು ರುಜು ಹಾಕಿರಿ.

ಇದು ದಾನವಲ್ಲ, ಹಕ್ಕು. ಕೈಮುಗಿದು ಬೇಡಬೇಡಿ, ಹೋಗಿ ಕೇಳಿರಿ.

ವಕೀಲ ಮಿತ್ರರಲ್ಲಿಯೂ ಒಂದು ಮಾತು. ಈ ಊರಿನ ದಾನಿಗಳು ಛತ್ರ ಕಟ್ಟಿಸಿದರು, ಕಾಲೇಜು ಕಟ್ಟಿಸಿದರು. ನೀವು ಕಟ್ಟಡ ಕಟ್ಟಿಸಬೇಕಾಗಿಲ್ಲ. ವಾರಕ್ಕೊಂದು ಸಂಜೆ ಕಾರ್ಮಿಕರ ಕೇರಿಗೆ ಬಂದು ಕುಳಿತು ಅವರ ಕಾಗದ ಓದಿ ಹೇಳಿರಿ. ಒಂದು ಸಂಸಾರದ ಸೂರು ಉಳಿದರೆ ಅದೂ ಊರು ಕಟ್ಟುವ ಕೆಲಸವೇ.