ದನದ ಮದ್ದು, ರಣಹದ್ದಿನ ಸಾವು
(ಅರೆಕೆರೆಯಲ್ಲಿ ಹೈನುಗಾರರ ಮುಂದೆ ಮಾಡಿದ ಭಾಷಣದ ಸಂಗ್ರಹ)



ವಿಷವು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಕೆಲವೊಮ್ಮೆ ಹಕ್ಕಿಗಳ ಮೈಯಲ್ಲಿ ಹುಡುಕಬೇಕಾಗುತ್ತದೆ. ದಕ್ಷಿಣ ಧ್ರುವದ ಹಿಮದ ನಾಡಿನಲ್ಲಿ ಬೇಸಾಯವೂ ಇಲ್ಲ, ಸಿಂಪರಣೆಯೂ ಇಲ್ಲ. ಆದರೂ ಅಲ್ಲಿನ ಪೆಂಗ್ವಿನ್ ಹಕ್ಕಿಗಳ ಮೈಯಲ್ಲಿ ಡಿ.ಡಿ.ಟಿ. ಇರುವುದು 1966ರಲ್ಲಿಯೇ ವರದಿಯಾಯಿತು. ಗಾಳಿ ಮತ್ತು ಸಮುದ್ರದ ಮೂಲಕ ದೂರ ಸಾಗುವ ಈ ವಿಷವು ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಏರುತ್ತ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ಕೆನಡಾದ ಉತ್ತರ ಧ್ರುವ ಪ್ರದೇಶದಲ್ಲಿ 1975ರಿಂದ ಕಡಲ ಹಕ್ಕಿಗಳ ಮೊಟ್ಟೆಗಳನ್ನು ಪರೀಕ್ಷಿಸಿ ಇಂಥ ವಿಷಗಳ ಲೆಕ್ಕ ಇಡಲಾಗುತ್ತಿದೆ.

ಇಂಥದೊಂದು ಸಾಕ್ಷಿ ಹತ್ತಿರದಲ್ಲೂ ಇದೆ. ರಾಮನಗರದ ರಾಮದೇವರಬೆಟ್ಟವು ಉದ್ದಕೊಕ್ಕಿನ ರಣಹದ್ದುಗಳ ನೆಲೆ. 2012ರಲ್ಲಿ ಸರ್ಕಾರವು ಅದನ್ನು ರಣಹದ್ದು ಧಾಮವೆಂದು ಘೋಷಿಸಿತು. ಈಗ ಅಲ್ಲಿ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ದೇಶದ ಸ್ಥಿತಿಯೂ ಇದೇ. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳು 1000ಕ್ಕೆ 1ರಂತೆ, ಉದ್ದಕೊಕ್ಕಿನವು 100ಕ್ಕೆ ಸುಮಾರು 3ರಂತೆ ಉಳಿದವು.

ಕಾರಣ ತಿಳಿದುಬಂದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಕೊಯ್ದು ನೋಡಿದಾಗ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಲೇಪವಿತ್ತು. ಮೂತ್ರಪಿಂಡಗಳು ಕೆಟ್ಟು, ಅವುಗಳಲ್ಲಿ ಡೈಕ್ಲೋಫಿನಾಕ್ ಸಿಕ್ಕಿತು. ಇದು ದನಗಳ ನೋವು, ಬಾವು, ಜ್ವರಕ್ಕೆ ಬಳಸುತ್ತಿದ್ದ ಮದ್ದು. ಡಿ.ಡಿ.ಟಿ.ಯಂತೆ ಇದು ವರ್ಷಗಟ್ಟಲೆ ಮೈಯಲ್ಲಿ ನಿಲ್ಲುವುದಿಲ್ಲ. ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ. ಆದರೆ ಮದ್ದು ಕೊಟ್ಟ ಒಂದೆರಡು ದಿನಗಳಲ್ಲಿ ದನ ಸತ್ತರೆ, ಅದರ ಮಾಂಸದ ಒಂದೇ ಊಟ ರಣಹದ್ದನ್ನು ಕೊಲ್ಲಬಲ್ಲದು. ಒಂದು ಕಳೇಬರಕ್ಕೆ ಹತ್ತಾರು ಹಕ್ಕಿಗಳು ಎರಗುವುದರಿಂದ, 100 ಕಳೇಬರಗಳಲ್ಲಿ 1ರಲ್ಲಿ ಮಾತ್ರ ಮದ್ದಿದ್ದರೂ ಸಂತತಿ ನಶಿಸಲು ಅದು ಸಾಕು. 2004-05ರಲ್ಲಿ ಭಾರತದಲ್ಲಿ ಸತ್ತ ದನಗಳ ಯಕೃತ್ತನ್ನು ಪರೀಕ್ಷಿಸಿದಾಗ 100ರಲ್ಲಿ ಸುಮಾರು 10ರಲ್ಲಿ ಈ ಮದ್ದು ಕಂಡುಬಂದಿತು.

2006ರಲ್ಲಿ ದನಗಳಿಗೆ ಈ ಮದ್ದನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅವನ್ನೂ ತಡೆಯಲಾಯಿತು. 2023ರಲ್ಲಿ ಅಸಿಕ್ಲೋಫಿನಾಕ್ ಮತ್ತು ಕೀಟೋಪ್ರೊಫೆನ್ ಮದ್ದುಗಳೂ ದನಗಳಿಗೆ ನಿಷಿದ್ಧವಾದವು.

ದನ ಸಾಕುವವರು ಗಮನಿಸಬೇಕಾದ ಅಂಶಗಳು:

1. ಪಶುವೈದ್ಯರ ಸಲಹೆಯಿಲ್ಲದೆ ನೋವಿನ ಚುಚ್ಚುಮದ್ದು ಹಾಕಿಸಬಾರದು. ಮನುಷ್ಯರ ಮದ್ದನ್ನು ದನಕ್ಕೆ ಬಳಸಲೇಬಾರದು.

2. ರಣಹದ್ದುಗಳಿಗೆ ಅಪಾಯವಿಲ್ಲವೆಂದು ಪರೀಕ್ಷೆಯಿಂದ ತಿಳಿದಿರುವ ಮೆಲಾಕ್ಸಿಕಾಮ್ ಬಗ್ಗೆ ವೈದ್ಯರನ್ನು ಕೇಳಬೇಕು.

3. ಚಿಕಿತ್ಸೆಯ ಬಳಿಕ ಸತ್ತ ದನವನ್ನು ಬಯಲಿಗೆ ಎಸೆಯದೆ, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು.

ರಣಹದ್ದುಗಳಿಲ್ಲದ ಕಡೆ ಬಯಲಿನ ಕಳೇಬರ ಬೀದಿನಾಯಿಗಳ ಪಾಲಾಗುತ್ತದೆ. ನಾಯಿಗಳು ಹೆಚ್ಚಿದಷ್ಟೂ ಹುಚ್ಚುನಾಯಿ ಕಡಿತದ ಭಯ ಊರಿಗೇ ಹೆಚ್ಚು. ದನದ ನೋವಿಗೆ ಬೇರೆ ಮದ್ದುಂಟು. ರಣಹದ್ದಾದರೋ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಒಮ್ಮೆ ಕಳೆದುಕೊಂಡ ಸಂತತಿಯನ್ನು ಮತ್ತೆ ಪಡೆಯುವುದು ಸುಲಭವಲ್ಲ.