ನನ್ನದೊಂದು ಪಕ್ಷಪಾತ

ಉಪಾಧ್ಯಾಯನಾದವನಲ್ಲಿ ಪಕ್ಷಪಾತವಿರಕೂಡದು ಎಂದು ಹಿರಿಯರು ಹೇಳುತ್ತಾರೆ. ಮುಂದಿನ ಬೆಂಚಿನವನೂ ಹಿಂದಿನ ಬೆಂಚಿನವನೂ ಅವನಿಗೆ ಒಂದೇ ಆಗಿರಬೇಕು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನಾನು ಈ ಮಾತನ್ನು ಆದಷ್ಟು ಪಾಲಿಸಿದ್ದೇನೆಂದು ತಿಳಿದಿದ್ದೇನೆ. ಆದರೆ ಶಾಲೆಯ ಗೇಟಿನ ಹೊರಗೆ ನನ್ನದೊಂದು ಪಕ್ಷಪಾತ ನಲವತ್ತು ವರ್ಷಗಳಿಂದ ಬೆಳೆದು ಬಂದಿದೆ. ಇಂದು ಅದನ್ನು ತಮ್ಮೆದುರು ಒಪ್ಪಿಕೊಳ್ಳಬೇಕೆಂದಿದ್ದೇನೆ.

ಪಕ್ಷವೆಂದರೆ ರೆಕ್ಕೆ. ಪಕ್ಷಪಾತವೆಂದರೆ ರೆಕ್ಕೆ ಒಂದು ಕಡೆಗೆ ವಾಲುವುದು. ನನ್ನ ರೆಕ್ಕೆ ವಾಲಿದ್ದೂ ರೆಕ್ಕೆ ಕಟ್ಟುವವರ ಕಡೆಗೇ. ಬೆಂಗಳೂರಿನ ವಿಮಾನ ಕಾರ್ಖಾನೆಯ, ಎಂದರೆ ಎಚ್‌ಎಎಲ್‌ನ ಫುಟ್‌ಬಾಲ್ ತಂಡದ ಕಡೆಗೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆ ಕಾರ್ಖಾನೆಯನ್ನು ಆರಂಭಿಸಿದರು. ಅದು ಕಟ್ಟಿದ ವಿಮಾನಗಳ ಹೆಸರು ಎಲ್ಲರೂ ಬಲ್ಲರು. ಅದರ ಕಾಲ್ಚೆಂಡಿನ ತಂಡದ ಹೆಸರು ಬಲ್ಲವರು ಕಡಿಮೆ. ಆ ಕಡಿಮೆ ಮಂದಿಯಲ್ಲಿ ನಾನೊಬ್ಬ. ನನ್ನನ್ನು ಹಾಗೆ ಮಾಡಿದವರು ನಮ್ಮ ಸೋದರಮಾವ.

ನಮ್ಮ ಮಾವ ಹಿರೇಹಳ್ಳಿಯವರೇ. ಅರವತ್ತರ ದಶಕದಲ್ಲಿ ಎಚ್‌ಎಎಲ್‌ನಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ವಿಮಾನಪುರ ಸೇರಿದರು. ಹಬ್ಬಕ್ಕೆ ಊರಿಗೆ ಬಂದರೆ ಎಲ್ಲರೂ ಅವರನ್ನು ವಿಮಾನದ ವಿಷಯ ಕೇಳುತ್ತಿದ್ದರು. ಅವರು ಫುಟ್‌ಬಾಲಿನ ವಿಷಯ ಹೇಳುತ್ತಿದ್ದರು. ನಮ್ಮ ಊರಿನಲ್ಲಿ ಆಟವೆಂದರೆ ಕಬಡ್ಡಿ, ಇಲ್ಲವೆ ಚಿಣ್ಣಿದಾಂಡು. ಕೈಯಿದ್ದೂ ಕೈಯಲ್ಲಿ ಮುಟ್ಟದೆ ಆಡುವ ಚೆಂಡಾಟ ಯಾವ ಸುಖಕ್ಕೆ ಎಂದು ನಮ್ಮ ಅಜ್ಜಿ ಕೇಳುತ್ತಿದ್ದರು. 1981ರ ಒಂದು ರಜೆಯಲ್ಲಿ ಮಾವ ನನ್ನನ್ನು ನೋಡಿ, “ಬಾರಪ್ಪ, ನೀನೇ ನೋಡಿ ಬಂದು ಅಜ್ಜಿಗೆ ಹೇಳೀವಂತೆ” ಎಂದು ಕರೆದುಕೊಂಡು ಹೊರಟರು. ಆಗ ನನಗೆ ಹತ್ತು ವರ್ಷ.

ಆಗಿನದು ಮೀಟರ್ ಗೇಜಿನ ರೈಲು. ಹಿರೇಹಳ್ಳಿಯಲ್ಲಿ ಹತ್ತಿದರೆ ಬಲಗಡೆ ಶಿವಗಂಗೆಯ ಬೆಟ್ಟ ಬಹಳ ಹೊತ್ತು ನಮ್ಮ ಜೊತೆಗೇ ಬರುವಂತೆ ತೋರುತ್ತಿತ್ತು. ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ ಎಂದು ಒಂದೊಂದೇ ನಿಲ್ದಾಣ ಕಳೆದು ಬೆಂಗಳೂರು. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ಅತ್ತೆ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ತಿಂದೆವು. ಪಕ್ಕದಲ್ಲಿ ಆಸ್ಟಿನ್ ಟೌನಿನವರು, ಮರ್ಫಿ ಟೌನಿನವರು, ಶಿವಾಜಿನಗರದವರು, ಗೌತಮಪುರದವರು. ಒಬ್ಬರ ಮಾತು ತಮಿಳು, ಒಬ್ಬರದು ಉರ್ದು, ಒಬ್ಬರದು ಕನ್ನಡ. ಚೆಂಡು ಬಲೆಗೆ ಹೋದಾಗ ಹೊರಟ ಕೂಗು ಮಾತ್ರ ಯಾವ ಭಾಷೆಯದೆಂದು ಹೇಳಲಾಗಲಿಲ್ಲ. ಅಂದಹಾಗೆ, ಬಲೆಗೆ ಹೋದ ಚೆಂಡು ನಮ್ಮ ಪಕ್ಷದ ಬಲೆಗೆ ಹೋಗಿತ್ತು. ನಾನು ನೋಡಿದ ಮೊದಲ ಆಟದಲ್ಲಿ ನಮ್ಮವರು ಸೋತರು.

ಮಾವ ಬೇಸರಪಡಲಿಲ್ಲ. ಕಡಲೇಕಾಯಿಯ ಪೊಟ್ಟಣ ನನ್ನ ಕೈಗೆ ಕೊಟ್ಟು ಹಳೆಯ ಕಥೆ ತೆಗೆದರು. ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ನಗರದ ಕ್ಲಬ್ಬು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿಯತನಕ ಬ್ರಿಟಿಷ್ ಪಟಾಲಮ್ಮುಗಳೇ ಹೊತ್ತೊಯ್ಯುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಅದೇ 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಭಾರತಕ್ಕೆ ಒದಗಿದ ಒಂದೇ ಗೋಲನ್ನು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪಿ 2-1ರಿಂದ ಭಾರತ ಸೋತಿತು. “ಆ ಆಟ ನಾವು ಸೋತಿದ್ದು. ಆದ್ರೂ ಇವತ್ತಿನವರೆಗೂ ಹೇಳ್ತಾರಲ್ಲ, ಯಾಕೆ?” ಎಂದು ಮಾವ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅವರೂ ಹೇಳಲಿಲ್ಲ.

ಅಂದಿನಿಂದ ನಾನು ಆ ತಂಡದವನಾದೆ. ಕಂಪನಿಯ ತಂಡವೆಂದರೆ ಏನೆಂಬುದನ್ನು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಬೆಂಗಳೂರಿನ ದೊಡ್ಡ ಕಾರ್ಖಾನೆಗಳು ಒಳ್ಳೆಯ ಆಟಗಾರರನ್ನು ಹುಡುಕಿ ಅವರಿಗೆ ನೌಕರಿ ಕೊಡುತ್ತಿದ್ದವು. ಹುಡುಗರು ಬೆಳಿಗ್ಗೆ ಅಭ್ಯಾಸ ಮಾಡಿ ಆಮೇಲೆ ಕೆಲಸಕ್ಕೆ ಹೋಗುವರು. ಆಟದ ವಯಸ್ಸು ಮುಗಿದರೂ ನೌಕರಿ ಉಳಿಯುತ್ತಿತ್ತು. ಕೊನೆಗೆ ಪಿಂಚಣಿಯೋ ಗ್ರಾಚ್ಯುಟಿಯೋ ಇರುತ್ತಿತ್ತು. ಬಡವರ ಕೇರಿಯ ಹುಡುಗನೊಬ್ಬ ಕಾಲಿನ ಬಲದಿಂದ ಸಂಸಾರವನ್ನು ದಡ ಮುಟ್ಟಿಸಲು ಅದೊಂದು ದಾರಿ. ಗೌತಮಪುರದಲ್ಲಿ ಇಂದು ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರೊಡನೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ಆ ಬೀದಿಯ ತಾಯಂದಿರಿಗೆ ಫುಟ್‌ಬಾಲ್ ಬರಿಯ ಆಟವಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗೆ ಶನಿವಾರ ಮೈದಾನದಲ್ಲಿ ಕಂಡ ಆಟಗಾರ ಸೋಮವಾರ ಮಾವನ ಪಕ್ಕದಲ್ಲಿ ಅರ ಹಿಡಿದು ನಿಂತಿರುತ್ತಿದ್ದ. ಒಮ್ಮೆ ನಮ್ಮ ರಕ್ಷಣೆಯ ಆಟಗಾರನೊಬ್ಬ ಎದುರಾಳಿಯ ಹೊಡೆತವನ್ನು ತಡೆಯಲು ಹೋಗಿ ಚೆಂಡನ್ನು ನಮ್ಮದೇ ಗೋಲಿಗೆ ತಳ್ಳಿಬಿಟ್ಟ. ಆಟ ಅಲ್ಲಿಗೆ ಮುಗಿಯಿತು. “ಸೋಮವಾರ ಅವನಿಗೆ ಏನು ಹೇಳಿದಿರಿ ಮಾವ?” ಎಂದು ಮುಂದಿನ ಹಬ್ಬದಲ್ಲಿ ಕೇಳಿದೆ. “ಊಟ ಆಯ್ತಾ ಅಂದೆ” ಎಂದರು. “ಇಡೀ ಷಾಪಿನಲ್ಲಿ ಯಾರೂ ಆಟದ ಸುದ್ದಿ ಎತ್ತಲಿಲ್ಲ. ಅವನಿಗೆ ಗೊತ್ತಿಲ್ವೇನಪ್ಪ?” ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟು ತಲೆ ತಗ್ಗಿಸಿದ ಹುಡುಗನನ್ನು ಕಂಡಾಗ ನನಗೆ ಈ ಮಾತು ಎಷ್ಟೋ ಸಾರಿ ನೆನಪಿಗೆ ಬಂದಿದೆ. ಬಿ.ಇಡಿ. ತರಬೇತಿಯಲ್ಲಿ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿನಲ್ಲಿದ್ದುಕೊಂಡು ಇಂಥ ತಂಡವನ್ನು ಹಿಂಬಾಲಿಸುವುದು ಸುಲಭವಲ್ಲ. ಕ್ರಿಕೆಟಿನ ಸುದ್ದಿ ರೇಡಿಯೋದಲ್ಲಿ ತಾನಾಗಿ ಮನೆಗೆ ಬರುತ್ತದೆ. ಬೆಂಗಳೂರು ಲೀಗಿನ ಫಲಿತಾಂಶವನ್ನು ಮಾತ್ರ ಪತ್ರಿಕೆಯ ಆಟದ ಪುಟದ ಬುಡದಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಹುಡುಕಬೇಕು. ಕೆಲವು ಬಾರಿ ಅದೂ ಇರುವುದಿಲ್ಲ. ಆಗ ಮಾವನ ಕಾಗದವೇ ಗತಿ. ಕ್ಷೇಮ ಸಮಾಚಾರ ಎರಡು ಸಾಲು, ಆಟದ ಸಮಾಚಾರ ಎರಡು ಪುಟ. ಸುಮಾರು 1998ರಲ್ಲಿ ಅವರು ನಿವೃತ್ತರಾಗಿ ಹಿರೇಹಳ್ಳಿಗೆ ಮರಳಿದ ಮೇಲೆ ಇಬ್ಬರೂ ರೈಲು ಹಿಡಿದು ಆಟಕ್ಕೆ ಹೋಗುವ ಪದ್ಧತಿಯಾಯಿತು.

2007ರಲ್ಲಿ ದೇಶದ ಮೇಲಿನ ಪಂಕ್ತಿಯ ತಂಡಗಳಿಗಾಗಿ ಐ-ಲೀಗ್ ಎಂಬುದು ಆರಂಭವಾಯಿತು. ಲೀಗಿನ ನಿಯಮ ಶಾಲೆಯ ನಿಯಮದಂತೆಯೇ: ಚೆನ್ನಾಗಿ ಆಡಿದವನು ಮೇಲಿನ ತರಗತಿಗೆ, ಹಿಂದೆ ಬಿದ್ದವನು ಕೆಳಗಿನ ತರಗತಿಗೆ. ನಮ್ಮ ಎಚ್‌ಎಎಲ್ 2010ರಲ್ಲಿ ಎರಡನೆಯ ದರ್ಜೆಯಿಂದ ಮೇಲಕ್ಕೆ ಹತ್ತಿತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಗೋವೆಯ ಡೆಂಪೊ ಇಂಥ ಹೆಸರಾಂತ ತಂಡಗಳ ಸಾಲಿನಲ್ಲಿ ನಮ್ಮ ಕಾರ್ಖಾನೆಯ ಹುಡುಗರು! ಮಾವನಿಗೆ ಆಗ ಎಪ್ಪತ್ತು ದಾಟಿತ್ತು. ಪಟ್ಟಿಯಲ್ಲಿ ನಮ್ಮ ಹೆಸರಿದ್ದ ಪತ್ರಿಕೆಯ ತುಣುಕನ್ನು ಕತ್ತರಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಮೊದಲ ವರ್ಷ ಹೇಗೋ ಉಳಿದುಕೊಂಡೆವು. ಎರಡನೆಯ ವರ್ಷ, 2011-12ರಲ್ಲಿ, ಸೋಲಿನ ಮೇಲೆ ಸೋಲು. ಈ ಕಥೆಯಲ್ಲಿ ನನ್ನ ತಪ್ಪು ಬರುವುದು ಇಲ್ಲಿ. ಋತುವಿನ ಕೊನೆಕೊನೆಯ ಒಂದು ಪಂದ್ಯಕ್ಕೆ ಮಾವ ನನ್ನನ್ನು ಕರೆದರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನವಿದೆ, ಬರಲಾಗುವುದಿಲ್ಲ ಎಂದೆ. ಮೌಲ್ಯಮಾಪನವಿದ್ದದ್ದು ನಿಜ, ಆ ದಿನ ಇರಲಿಲ್ಲ. ಮತ್ತೊಂದು ಸೋಲನ್ನು ಬಿಸಿಲಿನಲ್ಲಿ ಕುಳಿತು ನೋಡಲು ನನಗೆ ಮನಸ್ಸಿರಲಿಲ್ಲ. ಮಾವ ಎರಡನೆಯ ಮಾತಾಡದೆ ಹೆಗಲ ಮೇಲೆ ಟವಲು ಹಾಕಿಕೊಂಡು ಒಬ್ಬರೇ ರೈಲು ಹತ್ತಿದರು.

ರಾತ್ರಿ ನಾನು ನಿಲ್ದಾಣಕ್ಕೆ ಹೋದೆ. ಅವರು ನಿಧಾನವಾಗಿ ಇಳಿದರು. “ಏನಾಯ್ತು ಮಾವ?” ಎಂದೆ. “ಸೋತ್ರು. ಹುಡುಗ್ರು ಕೊನೆವರೆಗೂ ಓಡಿದ್ರು” ಎಂದರು. ಸ್ವಲ್ಪ ದೂರ ನಡೆದ ಮೇಲೆ, “ನಿನ್ನ ಜಾಗದಲ್ಲಿ ಟವಲು ಹಾಸಿದ್ದೆ, ಮನಸ್ಸು ಬದಲಾಯಿಸಿ ಬಂದ್ರೂ ಬರಬಹುದು ಅಂತ. ಜನ ಇರಲಿಲ್ಲ, ಹಾಸದಿದ್ರೂ ನಡೀತಿತ್ತು” ಎಂದು ನಕ್ಕರು. ಆ ನಗುವಿಗೆ ಬದಲು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ವರ್ಷ ನಮ್ಮ ತಂಡ ಐ-ಲೀಗಿನಿಂದ ಕೆಳಗಿಳಿಯಿತು.

ಮಾನ್ಯ ಕೇಳುಗರೇ, ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಕುಮಾರವ್ಯಾಸನ ಕರ್ಣನನ್ನು ಪಾಠ ಹೇಳುವವನು. ಕೃಷ್ಣ ಬಂದು ಜನ್ಮದ ಗುಟ್ಟು ತಿಳಿಸುತ್ತಾನೆ. ಪಾಂಡವರ ಹಿರಿಯಣ್ಣನಾಗಿ ರಾಜ್ಯವಾಳು ಎನ್ನುತ್ತಾನೆ. ಗೆಲ್ಲುವ ಪಕ್ಷ ಯಾವುದೆಂದು ಕರ್ಣನಿಗೆ ಗೊತ್ತು. ಆದರೂ ಅವನು ಹೋಗುವುದಿಲ್ಲ. ಪಂಪನ ಕಾಲದಿಂದಲೂ ಕನ್ನಡ ಕವಿಗಳಿಗೆ ಅವನ ಮೇಲೆ ಎಷ್ಟು ಪ್ರೀತಿ! ಪ್ರತಿ ವರ್ಷ ಈ ಪಾಠವನ್ನು ಕಂಠ ಬಿಗಿದು ಹೇಳುವ ನಾನು, ಕೇವಲ ಒಂದು ಮಧ್ಯಾಹ್ನದ ಬಿಸಿಲಿಗೆ ಹೆದರಿ ಪಕ್ಷ ಬಿಟ್ಟೆನಲ್ಲ ಎಂದು ಆ ರಾತ್ರಿ ನಿದ್ರೆ ಬರಲಿಲ್ಲ. ಓದಿದ ಕರ್ಣ ನನ್ನ ಪುಸ್ತಕದಲ್ಲಿದ್ದ. ಓದದ ಕರ್ಣ ರೈಲು ಇಳಿದು ಮನೆಗೆ ಹೋಗಿದ್ದ.

ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ಬು ಹುಟ್ಟಿತು. ಅದೇ ಅಶೋಕನಗರದ ಮೈದಾನದಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಮಾವ ಒಬ್ಬರೇ ಕುಳಿತಿದ್ದ ಮೆಟ್ಟಿಲುಗಳ ಮೇಲೆ ಈಗ ನೀಲಿ ಅಂಗಿಯ ತರುಣರು ಕಿಕ್ಕಿರಿದು ಹಾಡುತ್ತಿದ್ದರು. ಅದು ಸಂತೋಷದ ಸಂಗತಿ. ಆ ಮಕ್ಕಳ ಮೇಲೆ ನನಗೆ ಅಸೂಯೆಯಿಲ್ಲ. ನಾನೇ ಟಿಕೆಟ್ಟು ಕೊಂಡು ಮಾವನನ್ನು ಕರೆದೊಯ್ದೆ. ಹಿಂದಿನ ತಪ್ಪಿಗೆ ಇದು ಪ್ರಾಯಶ್ಚಿತ್ತವೆಂದು ಮನಸ್ಸಿನಲ್ಲಿತ್ತು. ಅವರು ಆಟವನ್ನು ಪೂರ್ತಿ ಗಮನವಿಟ್ಟು ನೋಡಿದರು. ಒಳ್ಳೆಯ ಪಾಸಿಗೆ ತಲೆದೂಗಿದರು. ಹೊರಗೆ ಬಂದಾಗ, “ಬಹಳ ಚೆನ್ನಾಗಿ ಆಡ್ತಾರೆ. ನಮ್ಮೋರ ಆಟ ಯಾವತ್ತಂತೆ?” ಎಂದು ಕೇಳಿದರು.

2015ರ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಕನ್ನಡಕದ ಪೆಟ್ಟಿಗೆಯನ್ನು ಅತ್ತೆ ನನಗೆ ಕೊಟ್ಟರು. ಪತ್ರಿಕೆಯ ತುಣುಕು ಮಡಿಕೆಯಲ್ಲಿ ಹರಿದು ಎರಡಾಗಿತ್ತು.

ಇನ್ನು ಕೆಲವೇ ತಿಂಗಳು ಇದ್ದಿದ್ದರೆ ಅವರು ಒಂದು ಸೋಜಿಗವನ್ನು ಕೇಳುತ್ತಿದ್ದರು. ಅವರು ವಿಮಾನದ ಕೆಲಸಕ್ಕೆಂದು ಊರು ಬಿಟ್ಟು ಹೋಗಿದ್ದರು; ಆ ಕೆಲಸವೇ ಈಗ ನಮ್ಮ ಜಿಲ್ಲೆಗೆ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ಕೆಲಸ ಮುಗಿಸಿದ ಹುಡುಗರು ಸಂಜೆ ಚೆಂಡು ಒದೆಯುವುದಾದರೆ ನೋಡಲು ರೈಲು ಹತ್ತಬೇಕಾಗಿಲ್ಲ.

ಅದಾಗಿ ತಿಂಗಳೊಳಗೆ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಸಂತೋಷ್ ಟ್ರೋಫಿಯ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಇದಕ್ಕೆ ಹಿಂದೆ ನಮ್ಮ ರಾಜ್ಯ ಆ ಟ್ರೋಫಿಯನ್ನು ಗೆದ್ದದ್ದು 1968-69ರಲ್ಲಿ, ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ ಐವತ್ತನಾಲ್ಕು ವರ್ಷ. ನಮ್ಮ ಮಾವನಂಥ ಎಷ್ಟು ಜನ ಆ ಐವತ್ತನಾಲ್ಕು ವರ್ಷವೂ ಮೆಟ್ಟಿಲ ಮೇಲೆ ಕುಳಿತು ಕಾದರೋ! ಗೆದ್ದ ದಿನದ ಚಪ್ಪಾಳೆಯಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕೆಂದು ನನ್ನ ಭಾವನೆ.

ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದು ಅತ್ತೆಯ ಮನೆಗೆ ಹೋಗಿ ಸುದ್ದಿ ಹೇಳಿದೆ. ಅವರು ಒಂದು ದಿನವೂ ಆಟ ನೋಡಿದವರಲ್ಲ, ಬುತ್ತಿ ಕಟ್ಟಿದ್ದಷ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಂಪನಿ ಹುಡುಗ್ರು ಯಾರಾದ್ರೂ ಇದ್ರೇನಪ್ಪ ಅದ್ರಲ್ಲಿ?” ಎಂದರು. ನಾನು ಮಾವನ ಜಗಲಿಯ ಮೇಲೆ ಕುಳಿತು, ಪತ್ರಿಕೆ ಬಿಚ್ಚಿ, ಆಟಗಾರರ ಹೆಸರುಗಳನ್ನು ಒಂದೊಂದಾಗಿ ಅವರಿಗೆ ಓದಿ ಹೇಳತೊಡಗಿದೆ.